ಪರದೇಹನಿಂದೆಯೂ ಶ್ರಾವಕಧರ್ಮವೂ

ಶರೀರವು ಧರ್ಮಸಾಧನೆಗೆ ಒದಗಿದ ಉಪಕರಣವೆಂಬುದು ಸರ್ವವಿದಿತ. ಉಪಕರಣವನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳುವುದು ಗೃಹಸ್ಥನ ಕರ್ತವ್ಯವೆಂಬುದರಲ್ಲಿಯೂ ವಿವಾದವಿಲ್ಲ. ಆದರೆ ಆ ಕರ್ತವ್ಯವನ್ನು ನೆನಪಿಸುವ ನೆಪದಲ್ಲಿ ಮತ್ತೊಬ್ಬರ ದೇಹವನ್ನು ನಾಲ್ಕು ಜನರ ಮುಂದೆ ಹಾಸ್ಯಕ್ಕೂ ತಿರಸ್ಕಾರಕ್ಕೂ ಗುರಿಮಾಡಬಹುದೆ ಎಂಬುದು ಬೇರೆಯೇ ಪ್ರಶ್ನೆ. ವ್ರತೋಪವಾಸಗಳನ್ನು ಆಚರಿಸುವ ಮನೆತನಗಳು ಈ ಪ್ರಶ್ನೆಯನ್ನು ವಿಶೇಷವಾಗಿ ವಿಚಾರಿಸಬೇಕಾಗಿದೆ. ಏಕೆಂದರೆ ಮಿತಾಹಾರವನ್ನು ಬೋಧಿಸುವುದು ಜಿನಧರ್ಮವೂ ಹೌದು, ತೂಕ ಇಳಿಸುವ ವ್ಯಾಪಾರವೂ ಹೌದು. ಇಬ್ಬರ ಮಾತೂ ಹೊರನೋಟಕ್ಕೆ ಒಂದೇ ಆಗಿ ಕಾಣುವಾಗ ಅವುಗಳ ಅಂತರವನ್ನು ಅರಿಯದಿದ್ದರೆ ಧರ್ಮದ ಹೆಸರಿನಲ್ಲಿ ಅಧರ್ಮಕ್ಕೆ ಎಡೆಯಾದೀತು.

ಬೆಂಗಳೂರಿನ ಉತ್ತರಭಾಗ ಇತ್ತೀಚಿನ ದಶಕಗಳಲ್ಲಿ ಬೆಳೆದ ಬಗೆಯನ್ನು ಅಲ್ಲಿನ ನಿವಾಸಿಗಳು ಬಲ್ಲರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದ ಕಡೆಗೆ ಸಾಗುವ ಬಳ್ಳಾರಿ ರಸ್ತೆ ನಗರದ ಹೆಬ್ಬಾಗಿಲಾಯಿತು. ಆರ್.ಟಿ. ನಗರ, ಯಶವಂತಪುರ, ಸಹಕಾರನಗರ, ಯಲಹಂಕ ಉಪನಗರಗಳಲ್ಲಿ ಅಂಗಡಿಗಳ ಮೇಲಂತಸ್ತುಗಳಲ್ಲಿ ಜಿಮ್‌ಗಳು ತೆರೆದುಕೊಂಡವು. ವ್ಯಾಯಾಮಕ್ಕೆ ಜನರನ್ನು ಕರೆಯುವ ಫಲಕಗಳೂ, ಕರಪತ್ರಗಳೂ, ಮೊಬೈಲಿನ ಪರದೆಯ ಮೇಲೆ ತಾವಾಗಿ ಬಂದು ನಿಲ್ಲುವ ಚಿತ್ರಗಳೂ ಹೆಚ್ಚಿದವು. ಇವುಗಳಲ್ಲಿ ಹಲವು ಸಭ್ಯವಾದ ಕರೆಗಳು. ಅವುಗಳ ಬಗೆಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಮತ್ತೊಂದು ಬಗೆಯ ಜಾಹೀರಾತಿನ ಮೇಲೆ. ಅದು ದಪ್ಪನೆಯ ದೇಹವನ್ನು ಪ್ರಾಣಿಗೋ ಮೂಟೆಗೋ ಹೋಲಿಸಿ ನಗಿಸುತ್ತದೆ. ಇಲ್ಲವೆ 'ಮೊದಲು' ಎಂಬ ಚಿತ್ರದಲ್ಲಿ ತಲೆತಗ್ಗಿಸಿ ನಿಂತವನನ್ನೂ 'ಅನಂತರ' ಎಂಬ ಚಿತ್ರದಲ್ಲಿ ಎದೆಯೆತ್ತಿ ನಿಂತವನನ್ನೂ ತೋರಿಸಿ, ಮೊದಲನೆಯವನಿಗೆ ಮನುಷ್ಯಮರ್ಯಾದೆಯೇ ಇರಲಿಲ್ಲವೆಂದು ಸೂಚಿಸುತ್ತದೆ. ಇಲ್ಲವೆ ಇಂಥ ದೇಹವುಳ್ಳವಳಿಗೆ ಮದುವೆಯಾಗದು, ಇಂಥವನಿಗೆ ಕೆಲಸ ಸಿಗದು ಎಂದು ಹೆದರಿಸುತ್ತದೆ. ಹಾಸ್ಯ, ಜುಗುಪ್ಸೆ, ಭಯ ಎಂಬ ಮೂರು ಬಾಗಿಲುಗಳಿಂದ ಅದು ಮನಸ್ಸನ್ನು ಪ್ರವೇಶಿಸುತ್ತದೆ. ಕರ್ಮಶಾಸ್ತ್ರವನ್ನು ಅಲ್ಪಸ್ವಲ್ಪ ಬಲ್ಲವರಿಗೂ ಈ ಮೂರು ಹೆಸರುಗಳು ಪರಿಚಿತವೇ. ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಇವು ಸೇರಿವೆ. ಜೀವನು ಕ್ಷಯಗೊಳಿಸಬೇಕಾದ ಭಾವಗಳನ್ನೇ ಬಂಡವಾಳವಾಗಿ ಹೂಡಿ ನಡೆಸುವ ವ್ಯಾಪಾರವಿದು.

ಇಂಥ ಜಾಹೀರಾತನ್ನು ಸಮರ್ಥಿಸುವವರ ವಾದವನ್ನು ಮೊದಲು ನ್ಯಾಯವಾಗಿ ಮುಂದಿಡಬೇಕು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಗೆಲ್ಲುವುದು ಸ್ಯಾದ್ವಾದಿಗಳಿಗೆ ಒಪ್ಪುವ ಕ್ರಮವಲ್ಲ. ಅವರ ಮೊದಲನೆಯ ವಾದವೆಂದರೆ, ಹೇಳುತ್ತಿರುವುದು ಸತ್ಯ ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕವುಳ್ಳವರು; 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 22–23ರಷ್ಟಿತ್ತು. ಅಧಿಕ ತೂಕದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯರೋಗ, ಮೊಣಕಾಲಿನ ಸವೆತ ಹೆಚ್ಚುವುದೂ ನಿಜ. ಎರಡನೆಯ ವಾದವೆಂದರೆ, ಕಹಿಯಾದರೂ ಔಷಧ ಔಷಧವೇ. ಮೆತ್ತನೆಯ ಮಾತಿಗೆ ಏಳದವನು ಚುಚ್ಚುಮಾತಿಗೆ ಎದ್ದಾನು, ವೈದ್ಯನ ಶಸ್ತ್ರ ನೋಯಿಸುವುದಿಲ್ಲವೆ ಎಂಬುದು. ಮೂರನೆಯದು ವ್ಯಾಪಾರಸ್ವಾತಂತ್ರ್ಯದ ವಾದ. ವ್ಯಾಪಾರದ ಮಾತಿಗೂ ಸಂವಿಧಾನದ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂದು ಸರ್ವೋಚ್ಚ ನ್ಯಾಯಾಲಯ 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಹೇಳಿದೆ. ಜೈನರನ್ನೇ ಕುರಿತು ನಾಲ್ಕನೆಯ ವಾದವೊಂದನ್ನು ಹೂಡಬಹುದು: ಅನಶನ, ಅವಮೌದರ್ಯ, ರಸಪರಿತ್ಯಾಗಗಳನ್ನು ತಪಸ್ಸೆನ್ನುವ ಸಮಾಜ, ಹೊಟ್ಟೆಬಾಕತನವನ್ನು ಹಳಿಯುವ ಫಲಕವನ್ನು ಕಂಡು ಏಕೆ ಮುನಿಯಬೇಕು?

ಈ ನಾಲ್ಕು ವಾದಗಳಲ್ಲಿ ಸತ್ಯದ ವಾದವನ್ನು ಮೊದಲು ಪರಿಶೀಲಿಸಬಹುದು. ಇದ್ದದ್ದನ್ನು ಇದ್ದಂತೆ ಹೇಳುವುದೆಲ್ಲ ಸತ್ಯವ್ರತವಾಗುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ವಿವರಿಸುವಾಗ ಸ್ಥೂಲವಾದ ಸುಳ್ಳನ್ನು ತಾನು ಆಡದಿರುವುದು, ಇತರರಿಂದ ಆಡಿಸದಿರುವುದು ಎಂಬುದರ ಜೊತೆಗೆ, ಪರರಿಗೆ ವಿಪತ್ತು ತರುವ ನಿಜವನ್ನೂ ಆಡದಿರುವುದನ್ನು ಸೇರಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅನೃತದ ಭೇದಗಳನ್ನು ಎಣಿಸುವಾಗ ಅಪಹಾಸ್ಯದ ಮಾತು, ಕರ್ಕಶವಾದ ಮಾತು, ಕೇಳುವವನಲ್ಲಿ ಭಯ ಖೇದ ಶೋಕಗಳನ್ನು ಹುಟ್ಟಿಸುವ ಅಪ್ರಿಯ ಮಾತು ಇವೆಲ್ಲವನ್ನೂ ಅನೃತದಲ್ಲಿಯೇ ಸೇರಿಸುತ್ತಾರೆ. ಮಾತಿನ ಸತ್ಯತೆ ವಸ್ತುವಿನೊಡನೆ ಮಾತ್ರವಲ್ಲದೆ ಕೇಳುವ ಜೀವದೊಡನೆಯೂ ಸಂಬಂಧವುಳ್ಳದ್ದೆಂಬುದು ಇದರ ತಾತ್ಪರ್ಯ. ವೈದ್ಯನು ತನ್ನ ಕೊಠಡಿಯಲ್ಲಿ ರೋಗಿಗೆ ಮಾತ್ರ ಕೇಳುವಂತೆ 'ತೂಕ ಇಳಿಯಬೇಕು' ಎಂದರೆ ಅದು ಹಿತವಚನ. ಅದೇ ತಥ್ಯವನ್ನು ನಾಲ್ಕು ದಾರಿ ಕೂಡುವಲ್ಲಿ ಹಲ್ಲುಕಿರಿಯುವ ಚಿತ್ರವಾಗಿ ತೂಗುಹಾಕಿದರೆ ತಥ್ಯ ಉಳಿಯುತ್ತದೆ, ಹಿತ ಉಳಿಯುವುದಿಲ್ಲ.

ಇಷ್ಟಕ್ಕೂ ಆ ಫಲಕ ಹೇಳುವುದು ಪೂರ್ಣ ಸತ್ಯವೂ ಅಲ್ಲ. ದಪ್ಪಗಿರುವವನು ಸೋಮಾರಿ, ತಿಂಡಿಪೋತ ಎಂಬುದು ಅದರ ಗರ್ಭಿತಾರ್ಥ. ಆದರೆ ಸ್ಥೂಲತೆಗೆ ಕಾರಣಗಳು ಅನೇಕ. ವಂಶದಿಂದ ಬಂದ ಪ್ರವೃತ್ತಿ, ಥೈರಾಯ್ಡ್ ಗ್ರಂಥಿಯ ದೋಷ, ಸ್ತ್ರೀಯರಲ್ಲಿ ಅಂಡಾಶಯದ ತೊಂದರೆ, ಸ್ಟೀರಾಯ್ಡ್‌ನಂಥ ಔಷಧಗಳ ಪರಿಣಾಮ, ನಿದ್ರಾಹೀನತೆ, ರಾತ್ರಿಪಾಳಿಯ ದುಡಿಮೆ, ಬಾಣಂತನ, ದಿನವಿಡೀ ಕುಳಿತೇ ಮಾಡುವ ಕೆಲಸ ಇವೆಲ್ಲವೂ ಕಾರಣಗಳಾಗುತ್ತವೆ. ನಾಗವಾರದ ತಂತ್ರಜ್ಞಾನ ಕಚೇರಿಗಳಲ್ಲಿ ಬೇರೆ ದೇಶದ ಗಡಿಯಾರಕ್ಕೆ ಹೊಂದಿಕೊಂಡು ದುಡಿಯುವ ಯುವಕನಿಗೂ, ಯಶವಂತಪುರದ ಮಂಡಿಯಲ್ಲಿ ಬೆಳಗಿನಿಂದ ಇರುಳಿನವರೆಗೆ ಗಲ್ಲದ ಮುಂದೆ ಕೂರುವ ವರ್ತಕನಿಗೂ ಅವರವರ ಜೀವನೋಪಾಯವೇ ಮೈಭಾರವನ್ನು ತಂದಿರಬಹುದು. ಇದಾವುದನ್ನೂ ಕೇಳದೆ ಎಲ್ಲರ ಮೇಲೂ ಒಂದೇ ದೋಷವನ್ನು ಹೊರಿಸುವುದು, ಇಲ್ಲದ ದೋಷವನ್ನು ಉಂಟುಮಾಡಿ ಹೇಳಿದಂತೆಯೇ ಸರಿ. ಪರನಿಂದೆ, ಆತ್ಮಪ್ರಶಂಸೆ, ಇರುವ ಗುಣವನ್ನು ಮುಚ್ಚುವುದು, ಇಲ್ಲದ ಗುಣವನ್ನು ಹೊರಗೆಡಹುವುದು ಇವು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಲಜ್ಜೆಗೊಳಿಸುವ ಜಾಹೀರಾತಿನಲ್ಲಿ ಈ ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಸೇರಿರುತ್ತವೆ: ದಪ್ಪನೆಯವನ ನಿಂದೆ, ತನ್ನ ಸಂಸ್ಥೆಯ ಪ್ರಶಂಸೆ, ನಿಂದಿತನ ಸದ್ಗುಣಗಳ ವಿಸ್ಮರಣೆ, ತನ್ನಲ್ಲಿಲ್ಲದ ಸಾಮರ್ಥ್ಯದ ಘೋಷಣೆ.

ಎರಡನೆಯದಾದ ವೈದ್ಯನ ಶಸ್ತ್ರದ ವಾದ ಎಲ್ಲಕ್ಕಿಂತ ಗಟ್ಟಿಯಾದುದು. ಕುತೂಹಲದ ಸಂಗತಿಯೆಂದರೆ, ಈ ದೃಷ್ಟಾಂತವನ್ನು ಜೈನಾಚಾರ್ಯರೇ ಬಹು ಹಿಂದೆ ವಿಚಾರಿಸಿದ್ದಾರೆ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪ ಮೊದಲಾದುವನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂಬ ಸೂತ್ರಕ್ಕೆ ವ್ಯಾಖ್ಯಾನ ಬರೆಯುತ್ತ, ಶ್ರವಣಬೆಳಗೊಳದ ಶಾಸನಗಳು ಭಕ್ತಿಯಿಂದ ಸ್ಮರಿಸುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಒಂದು ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ. ದುಃಖವನ್ನುಂಟುಮಾಡುವುದು ಪಾಪವಾದರೆ ಕೇಶಲೋಚ, ಉಪವಾಸ ಮೊದಲಾದುವನ್ನು ಮುನಿಗಳು ಏಕೆ ಆಚರಿಸಬೇಕು, ಏಕೆ ಉಪದೇಶಿಸಬೇಕು ಎಂಬುದು ಆ ಆಕ್ಷೇಪ. ಅದಕ್ಕೆ ಸಮಾಧಾನವಾಗಿ ಅವರು ವೈದ್ಯನ ನಿದರ್ಶನವನ್ನು ಕೊಡುತ್ತಾರೆ. ಪರಮಕರುಣೆಯುಳ್ಳ ವೈದ್ಯನೊಬ್ಬನು ಸಂಯಮಿಯ ಮೈಮೇಲಿನ ಕುರುವನ್ನು ಕೊಯ್ಯುವಾಗ ನೋವಾಗುವುದು ನಿಜ. ಆದರೂ ಆ ಬಾಹ್ಯನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಿಲ್ಲ. ಕ್ರೋಧಾದಿ ಆವೇಶದಿಂದ ಹುಟ್ಟಿದ ದುಃಖವೇ ಇಲ್ಲಿ ವಿವಕ್ಷಿತವೆಂಬುದು ಅವರ ನಿರ್ಣಯ.

ಹೀಗಿರುವಾಗ ಜಾಹೀರಾತುದಾರನು ಆ ವೈದ್ಯನ ಸ್ಥಾನದಲ್ಲಿ ನಿಲ್ಲಬಲ್ಲನೆ ಎಂಬುದನ್ನು ನೋಡಬೇಕು. ವೈದ್ಯನ ಅಂತರಂಗದಲ್ಲಿ ಕರುಣೆಯಿದೆ. ಜಾಹೀರಾತುದಾರನ ಅಂತರಂಗದಲ್ಲಿ ಲೋಭವಿದೆ. ಜೀವನೋಪಾಯಕ್ಕಾಗಿ ಲಾಭವನ್ನು ಬಯಸುವುದು ಗೃಹಸ್ಥನಿಗೆ ನಿಷಿದ್ಧವಲ್ಲವಾದರೂ ಅದನ್ನು ಕರುಣೆಯೆಂದು ಕರೆಯಲಾಗದು. ವೈದ್ಯನು ತನ್ನ ಬಳಿಗೆ ಬಂದವನ ಕುರುವನ್ನು, ಅವನ ಒಪ್ಪಿಗೆಯಿಂದ ಕೊಯ್ಯುತ್ತಾನೆ; ಫಲಕವು ದಾರಿಯಲ್ಲಿ ಹೋಗುವ ಅಪರಿಚಿತರೆಲ್ಲರ ಮೇಲೂ ಶಸ್ತ್ರವನ್ನು ಬೀಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ವೈದ್ಯನು ಗಾಯ ಮಾಯಲಿ ಎಂದು ಬಯಸುತ್ತಾನೆ. ಲಜ್ಜೆಯನ್ನು ಮಾರುವವನಿಗೆ ಗಾಯ ಹಸಿಯಾಗಿಯೇ ಇರಬೇಕು. ಜನರು ತಮ್ಮ ದೇಹದ ವಿಷಯದಲ್ಲಿ ಸಮಾಧಾನ ಹೊಂದಿಬಿಟ್ಟರೆ ಅವನ ವ್ಯಾಪಾರ ನಿಲ್ಲುತ್ತದೆ. ಆದುದರಿಂದ ಮುಂದಿನ ವರ್ಷ ಹೊಟ್ಟೆಯ ಬದಲು ತೋಳಿನ ವಿಷಯದಲ್ಲಿ, ಅದರ ಮುಂದಿನ ವರ್ಷ ಗಲ್ಲದ ವಿಷಯದಲ್ಲಿ ನಾಚಿಕೆಯನ್ನು ಹುಟ್ಟಿಸಬೇಕಾಗುತ್ತದೆ. ಪೂಜ್ಯಪಾದರು 'ತಾಪ' ಎಂಬ ಶಬ್ದವನ್ನು ವಿವರಿಸುವಾಗ, ಲೋಕನಿಂದೆಯೇ ಮೊದಲಾದ ನಿಮಿತ್ತದಿಂದ ಅಂತಃಕರಣ ಕಲಕಿ ಉಂಟಾಗುವ ತೀವ್ರ ಬೇಗುದಿ ಎಂದು ಹೇಳಿರುವುದು ಇಲ್ಲಿ ಗಮನಾರ್ಹ. ಹತ್ತು ಜನರೆದುರು ತನ್ನ ಮೈಯನ್ನು ಹಾಸ್ಯಮಾಡಿಸಿಕೊಂಡವರ ಒಳಗಿನ ಸ್ಥಿತಿಗೆ ಇದಕ್ಕಿಂತ ಸರಿಯಾದ ಲಕ್ಷಣ ದೊರೆಯಲಾರದು.

ಕರ್ನಾಟಕದ ಹಳೆಯ ಗರಡಿಮನೆಗಳಲ್ಲಿಯೂ ಉಸ್ತಾದರು ಶಿಷ್ಯರನ್ನು ಬೈಯುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಬೈಯುತ್ತಿದ್ದರು ನಿಜ. ಆದರೆ ಆ ಉಸ್ತಾದನು ಶಿಷ್ಯನೊಡನೆ ಅದೇ ಕೆಮ್ಮಣ್ಣಿನಲ್ಲಿ ನಿಂತು ಬೆವರುತ್ತಿದ್ದನು. ಶಿಷ್ಯನ ಹೆಸರು, ಮನೆ, ಶಕ್ತಿ, ಅಶಕ್ತಿಗಳನ್ನು ಬಲ್ಲವನಾಗಿದ್ದನು. ಬೈದ ಮಾತಿಗೆ ತಾನೇ ಹೊಣೆಯಾಗುತ್ತಿದ್ದನು. ಫಲಕಕ್ಕೆ ಹೊಣೆಯಿಲ್ಲ. ಅದನ್ನು ಓದಿ ಕುಗ್ಗಿದ ಹುಡುಗಿ ಮನೆಗೆ ಹೋಗಿ ಏನು ಮಾಡಿಕೊಂಡಳೆಂಬುದನ್ನು ವಿಚಾರಿಸಲು ಅದು ಕಂಬದಿಂದ ಇಳಿದು ಬರುವುದಿಲ್ಲ.

ಲಜ್ಜೆಯೆಂಬ ಔಷಧ ಫಲಿಸುತ್ತದೆಯೆ ಎಂಬುದನ್ನೂ ನೋಡಬೇಕು. ದೇಹದ ತೂಕದ ಕಾರಣಕ್ಕಾಗಿ ಅಪಮಾನಕ್ಕೊಳಗಾದವರು ವ್ಯಾಯಾಮದ ಸ್ಥಳಗಳಿಂದ ದೂರವಾಗುವುದು, ವೈದ್ಯರ ಬಳಿ ಹೋಗಲು ಹಿಂಜರಿಯುವುದು, ಮನಸ್ಸಿನ ಬೇಗೆಯಿಂದ ಮತ್ತಷ್ಟು ತಿನ್ನುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ, ಸ್ಥೂಲಕಾಯರನ್ನು ಕಳಂಕಿತರಂತೆ ಕಾಣುವುದು ಅವರ ಆರೋಗ್ಯವನ್ನೇ ಕೆಡಿಸುತ್ತದೆಯೆಂದು ತಿಳಿಸಿ ಅದನ್ನು ಕೊನೆಗಾಣಿಸಬೇಕೆಂದು ಕರೆಯಿತ್ತಿತು. ರೋಗವನ್ನು ಹೆಚ್ಚಿಸುವ ಮದ್ದನ್ನು ಕಹಿಯಾದರೂ ಹಿತವೆನ್ನುವುದು ಹೇಗೆ?

ದೇಹದ ಬಗೆಗಿನ ಈ ಒತ್ತಡ ತೆಳ್ಳಗಿರುವವರನ್ನೂ ಬಿಡುವುದಿಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬರು ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಪ್ರಾಣ ಕಳೆದುಕೊಂಡರು. ಅಲ್ಲಿ ಯಾರ ಹೊಣೆ ಎಷ್ಟೆಂಬುದು ಇಲ್ಲಿನ ವಿಚಾರವಲ್ಲ. ಒಂದು ಸಾವನ್ನು ಒಂದು ಫಲಕದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆದರೆ ಬದುಕು ಆಗತಾನೆ ತೆರೆದುಕೊಳ್ಳುವ ಆ ವಯಸ್ಸಿನಲ್ಲಿ, ಇರುವ ಮೈ ಸಾಲದೆಂಬ ಭಾವ ಎಷ್ಟು ಪ್ರಬಲವಾಗಿ ಹಬ್ಬಿದೆಯೆಂಬುದನ್ನು ಆ ವಾರ್ತೆಯನ್ನು ಓದಿದ ತಾಯಂದಿರೆಲ್ಲರೂ ಯೋಚಿಸಿರಬೇಕು.

ಇನ್ನು ಮೂರನೆಯದಾದ ಸ್ವಾತಂತ್ರ್ಯದ ವಾದ. ವ್ಯಾಪಾರದ ಮಾತಿಗೆ ಸ್ವಾತಂತ್ರ್ಯವಿರುವಂತೆ ಮಿತಿಯೂ ಇದೆಯೆಂಬುದನ್ನು ಲೋಕವ್ಯವಹಾರವೇ ಒಪ್ಪಿದೆ. ಸ್ಥೂಲತೆಯನ್ನು ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸುತ್ತದೆ. 1985ರಲ್ಲಿ ಸ್ಥಾಪಿತವಾದ ಭಾರತೀಯ ಜಾಹೀರಾತು ಮಾನಕ ಪರಿಷತ್ತು, ಅಂದರೆ ಜಾಹೀರಾತು ವೃತ್ತಿಯವರೇ ತಮಗೆ ತಾವು ಕಟ್ಟಿಕೊಂಡ ಸಂಸ್ಥೆ, ಜಾತಿ ವರ್ಣ ಲಿಂಗಗಳ ಜೊತೆಗೆ ಇತ್ತೀಚೆಗೆ ದೇಹದ ಆಕಾರವನ್ನೂ ತನ್ನ ಸಂಹಿತೆಯಲ್ಲಿ ಸೇರಿಸಿ, ಅದರ ಕಾರಣಕ್ಕಾಗಿ ಯಾರನ್ನೂ ಹೀಗಳೆಯಬಾರದೆಂದು ವಿಧಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್ ತಿಂಗಳ ಮಾರ್ಗಸೂಚಿಗಳು, ತಮ್ಮ ದೇಹದ ಬಗೆಗೆ ಮಕ್ಕಳಲ್ಲಿ ಕೀಳುಭಾವ ಬೆಳೆಸುವ ಜಾಹೀರಾತನ್ನು ಒಪ್ಪುವುದಿಲ್ಲ.

ಆದರೆ ಕಾನೂನಿನ ಕಣ್ಣು ಎಲ್ಲವನ್ನೂ ಕಾಣಲಾರದು. 2015ರಲ್ಲಿ ಲಂಡನ್ ನಗರದ ಸುರಂಗ ರೈಲುನಿಲ್ದಾಣಗಳಲ್ಲಿ, ಕಡಲತೀರಕ್ಕೆ ತಕ್ಕ ದೇಹ ಸಿದ್ಧವಾಗಿದೆಯೆ ಎಂದು ಕೇಳುವ ಫಲಕವೊಂದನ್ನು ಹಾಕಲಾಗಿತ್ತು. ಅದರ ವಿರುದ್ಧ 70,000ಕ್ಕೂ ಹೆಚ್ಚು ಜನ ಮನವಿಗೆ ಸಹಿಮಾಡಿದರು; 378 ದೂರುಗಳು ಬಂದವು. ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ, ತೂಕ ಇಳಿಸುವ ಉತ್ಪ್ರೇಕ್ಷೆಯ ಕಾರಣಕ್ಕಾಗಿ ಅದನ್ನು ನಿಲ್ಲಿಸಿತೇ ಹೊರತು, ಅಪಮಾನದ ಕಾರಣಕ್ಕಾಗಿ ತಪ್ಪೆನ್ನಲಿಲ್ಲ. ಮರುವರ್ಷ ನಗರದ ಮೇಯರು ಸಾರಿಗೆ ವ್ಯವಸ್ಥೆಯಲ್ಲಿ ಇಂಥ ಫಲಕಗಳಿಗೆ ಎಡೆಯಿಲ್ಲವೆಂದು ಸಾರಬೇಕಾಯಿತು. ಬೆಂಗಳೂರಿನಲ್ಲಿಯೂ 2018ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯದ ಕಟ್ಟುನಿಟ್ಟಾದ ಆದೇಶದ ಮೇರೆಗೆ ಅಂದಿನ ಮಹಾನಗರ ಪಾಲಿಕೆ ಅನಧಿಕೃತ ಫ್ಲೆಕ್ಸ್‌ಗಳನ್ನು ತೆರವುಗೊಳಿಸಿತು. ಅಲ್ಲಿ ಪರಿಗಣಿತವಾದುದು ಫಲಕಕ್ಕೆ ಅನುಮತಿಯಿದೆಯೆ ಎಂಬುದು. ಅದರ ಮೇಲಿನ ಮಾತು ಯಾರನ್ನು ನೋಯಿಸಿತೆಂಬುದಲ್ಲ. ರಾಜಶಾಸನ ಮುಗಿಯುವಲ್ಲಿ ಧರ್ಮಶಾಸನ ತೊಡಗುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ, ಹೇಳಲು ಹಕ್ಕಿದೆಯೆ ಎಂಬುದಲ್ಲ, ಹೇಳಿದರೆ ಜೀವಕ್ಕೆ ಏನಾಗುತ್ತದೆ ಎಂಬುದು.

ದೇಹದ ಆಕಾರವನ್ನು ಜಿನಾಗಮ ಹೇಗೆ ಕಾಣುತ್ತದೆ? ನಾಮಕರ್ಮದ ಪ್ರಕೃತಿಗಳಲ್ಲಿ ಸಂಸ್ಥಾನವೆಂಬುದು ಒಂದು. ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜ, ವಾಮನ, ಹುಂಡ ಎಂದು ಅದು ಆರು ಬಗೆ. ಅಂಗಾಂಗಗಳು ಸಮವಾಗಿ ಒಪ್ಪುವ ದೇಹವೂ ಕರ್ಮೋದಯವೇ, ಒಪ್ಪದ ದೇಹವೂ ಕರ್ಮೋದಯವೇ. ಇಲ್ಲಿ ಒಂದು ವಿಷಯವನ್ನು ಮನಸ್ಸಿಟ್ಟು ನೋಡಬೇಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಕರ್ಮಕಾಂಡದಂತೆ ಈ ಆರೂ ಸಂಸ್ಥಾನಗಳ ಉದಯ ಹದಿಮೂರನೆಯ ಗುಣಸ್ಥಾನವಾದ ಸಯೋಗಕೇವಲಿಯವರೆಗೂ ಸಂಭವಿಸುತ್ತದೆ. ಎಂದಮೇಲೆ ಕುಬ್ಜನೂ ವಾಮನನೂ ಆಕಾರವೊಂದರ ಕಾರಣದಿಂದ ಕೇವಲಜ್ಞಾನಕ್ಕೆ ಅನರ್ಹರಾಗುವುದಿಲ್ಲ. ಸಮಚತುರಸ್ರದ ಪರಮಾದರ್ಶದಂತೆ 58 ಅಡಿ ಎತ್ತರಕ್ಕೆ ನಿಂತ ಗೊಮ್ಮಟೇಶ್ವರನನ್ನು ಕಡೆಯಿಸಿದ ಚಾವುಂಡರಾಯನಿಗೆ ಗುರುವಾಗಿದ್ದ ಆಚಾರ್ಯರೇ ಇದನ್ನು ನಿರೂಪಿಸಿರುವುದು ಗಮನಾರ್ಹ. ಆ ಮೂರ್ತಿಯ ಪಾದದ ಬಳಿ ನಿಂತವರು ಯಾರೂ ತಮ್ಮ ಮೈಯನ್ನು ನೆನೆದು ನಾಚುವುದಿಲ್ಲ. ತಮ್ಮ ಕಷಾಯಗಳನ್ನು ನೆನೆದು ಮೌನವಾಗುತ್ತಾರೆ. ಸುಂದರವಾದ ದೇಹವನ್ನು ತೋರಿಸುವುದೇ ದೋಷವಲ್ಲ; ಅದನ್ನು ಯಾವುದಕ್ಕೆ ಬಳಸಲಾಗುತ್ತದೆ ಎಂಬುದರಲ್ಲಿ ಎಲ್ಲವೂ ಇದೆ.

ಇದರ ಅರ್ಥ, ಸ್ಥೂಲತೆಯೆಲ್ಲ ಕರ್ಮಾಧೀನವೆಂದು ಕೈಕಟ್ಟಿ ಕುಳ್ಳಿರಬೇಕೆಂದಲ್ಲ. ಆಹಾರ ವಿಹಾರಗಳಲ್ಲಿ ಪುರುಷಾರ್ಥಕ್ಕೆ ಅವಕಾಶವಿದೆ. ಆದರೆ ತನ್ನ ಪುರುಷಾರ್ಥ ತನಗೆ ಮದವಾಗಬಾರದು. ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ತಪೋಮದವೂ ದೇಹಮದವೂ ಎರಡೂ ಸೇರಿವೆ. ಉಪವಾಸ ಮಾಡಿದೆನೆಂಬ ಗರ್ವ, ಮೈ ಚೆಲುವಾಗಿದೆಯೆಂಬ ಗರ್ವ ಎರಡೂ ಸಮ್ಯಗ್ದರ್ಶನವನ್ನು ಕೆಡಿಸುತ್ತವೆ. ವಡ್ಡಾರಾಧನೆಯಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಕೇಳಿದವರಿಗೆ, ಲೋಕವೇ ಹೊಗಳುವ ರೂಪವೂ ಎಷ್ಟು ಅಸ್ಥಿರವೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆ, ಅಂದರೆ ದೇಹದ ವಿಕಾರವನ್ನು ಕಂಡು ಹೇಸದೆ ಗುಣದಲ್ಲಿ ಪ್ರೀತಿಯಿಡುವುದು, ಇದೇ ಸ್ಥಳದಲ್ಲಿ ನೆನಪಿಗೆ ಬರಬೇಕು. ಅಷ್ಟಾಹ್ನಿಕದಲ್ಲಿ ಸಿದ್ಧಚಕ್ರದ ಆರಾಧನೆ ಮಾಡುವ ಮನೆಗಳಲ್ಲಿ ಮೈನಾಸುಂದರಿಯ ಕಥೆ ಓದಲ್ಪಡುತ್ತದೆ. ಕುಷ್ಠರೋಗಿಯಾದ ಶ್ರೀಪಾಲನನ್ನು ಆಕೆ ಹೀಯಾಳಿಸಿ ಗುಣಪಡಿಸಲಿಲ್ಲ. ಪಕ್ಕದಲ್ಲಿ ನಿಂತು ಶುಶ್ರೂಷೆ ಮಾಡಿದಳು, ತಾನೇ ವ್ರತ ಹಿಡಿದಳು.

ನಾಲ್ಕನೆಯ ವಾದಕ್ಕೆ ಸಮಾಧಾನ ಇಲ್ಲಿಯೇ ದೊರೆಯುತ್ತದೆ. ವ್ರತವೂ ಜಾಹೀರಾತೂ 'ಕಡಿಮೆ ಉಣ್ಣು' ಎಂದೇ ಹೇಳಿದರೂ, ವ್ರತದ ಮಾತು ತನ್ನ ಕಡೆಗೆ ತಿರುಗಿದೆ, ಜಾಹೀರಾತಿನ ಮಾತು ಪರರ ಕಡೆಗೆ ತಿರುಗಿದೆ. ನೋಂಪಿಯನ್ನು ಹಿಡಿಯುವವರು ಜಿನಸನ್ನಿಧಿಯಲ್ಲಿ ಸ್ವಂತ ಇಚ್ಛೆಯಿಂದ ಸಂಕಲ್ಪಿಸುತ್ತಾರೆ. ಶಕ್ತಿಯನ್ನು ಮೀರದೆ, ಶಕ್ತಿಯನ್ನು ಮರೆಮಾಡದೆ ನಡೆಸುತ್ತಾರೆ. ನೋಂಪಿಗೆ ಒಂದು ಅವಧಿಯಿದೆ, ಕೊನೆಯಲ್ಲಿ ಉದ್ಯಾಪನೆಯಿದೆ, ಉದ್ಯಾಪನೆಯಲ್ಲಿ ದಾನವಿದೆ. ಲಜ್ಜೆಯ ವ್ಯಾಪಾರಕ್ಕೆ ಉದ್ಯಾಪನೆಯೆಂಬುದಿಲ್ಲ. ಸಾಕೆಂಬ ಮಾತನ್ನು ಅದು ಎಂದಿಗೂ ಆಡುವುದಿಲ್ಲ. ವ್ರತವು ಆಹಾರದ ಲಾಲಸೆಯನ್ನು ಕಡಿಮೆಮಾಡಿ ದೇಹದ ಮೇಲಣ ಮಮತೆಯನ್ನೂ ಸಡಿಲಿಸುತ್ತದೆ. ಜಾಹೀರಾತು ಆಹಾರವನ್ನು ಬಿಡಿಸಿ ದೇಹದ ಮೋಹವನ್ನು ಹತ್ತುಪಾಲು ಬಿಗಿಯುತ್ತದೆ.

ಈ ವ್ಯತ್ಯಾಸ ಮಸುಕಾದಾಗ ಹಾನಿಗೊಳಗಾಗುವುದು ವ್ರತವೇ. ಮದುವೆಯ ಮಾತುಕತೆ ನಡೆದಿರುವ ಕನ್ಯೆಯೊಬ್ಬಳು, ನೆಂಟರ ಚುಚ್ಚುಮಾತಿಗೆ ಬೆಂದು, ತೆಳ್ಳಗಾಗಬೇಕೆಂಬ ಒಂದೇ ಆಸೆಯಿಂದ ದಶಲಕ್ಷಣದ ಹತ್ತು ದಿನವೂ ಉಪವಾಸ ಹಿಡಿದಳೆಂದು ಭಾವಿಸಬಹುದು. ಹೊರಗೆ ಅದು ತಪಸ್ಸು. ಊರವರು ಹರಸುತ್ತಾರೆ, ಹಾರ ಹಾಕುತ್ತಾರೆ. ಒಳಗೆ ಅದರಲ್ಲಿ ನಿದಾನವೆಂಬ ಶಲ್ಯ ನಟ್ಟಿದೆ. ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಸೂತ್ರಕಾರರು ಹೇಳಿರುವರಷ್ಟೆ. ಆ ಹುಡುಗಿಯನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಮುಳ್ಳನ್ನು ಆಕೆಯ ಮನಸ್ಸಿಗೆ ಚುಚ್ಚಿದವರು ಇತರರು. ಉಪವಾಸದಿಂದ ಮೈ ಹಗುರವಾಗಬಾರದೆಂದೇನೂ ಅಲ್ಲ. ಧಾನ್ಯಕ್ಕಾಗಿ ಬಿತ್ತಿದವನಿಗೆ ಹುಲ್ಲು ತಾನಾಗಿ ದೊರೆಯುತ್ತದೆ. ಹುಲ್ಲಿಗಾಗಿಯೇ ಬಿತ್ತಿದರೆ ಹೊಲ ಮಾಡಿದ ಉದ್ದೇಶ ಕೆಡುತ್ತದೆ. ಸಕ್ಕರೆ ಕಾಯಿಲೆಯೋ ಬೇರೆ ರೋಗವೋ ಇರುವವರು ಇಂಥ ಆಸೆಯಿಂದ ವೈದ್ಯರನ್ನು ಕೇಳದೆ ದೀರ್ಘ ಉಪವಾಸಕ್ಕೆ ತೊಡಗಿದರೆ ಪ್ರಾಣಾಪಾಯವೂ ಉಂಟು.

ಹೀಗೆ ವಿಚಾರಿಸಿದಾಗ ಲಜ್ಜೆಗೊಳಿಸುವ ಜಾಹೀರಾತು ಅಹಿಂಸೆಯ ದೃಷ್ಟಿಯಿಂದಲೂ ಸತ್ಯದ ದೃಷ್ಟಿಯಿಂದಲೂ ಅಗ್ರಾಹ್ಯವೆಂದು ಸಿದ್ಧವಾಗುತ್ತದೆ. ಆದರೆ ಅದನ್ನು ಬರೆಯುವ ಯಾರೋ ಒಬ್ಬನ ಮೇಲೆ ತಪ್ಪನ್ನು ಹೊರಿಸಿ ಶ್ರಾವಕರು ಕೈತೊಳೆದುಕೊಳ್ಳುವಂತಿಲ್ಲ. ಪಾಪವು ಕೃತ, ಕಾರಿತ, ಅನುಮತ ಎಂದು ಮೂರು ಮುಖಗಳುಳ್ಳದ್ದು. ಮುಖ್ಯರಸ್ತೆಯ ಕಟ್ಟಡದ ಮಾಳಿಗೆಯನ್ನು ಫಲಕಕ್ಕೆ ಬಾಡಿಗೆಗೆ ಕೊಡುವ ಗೃಹಸ್ಥ, ಫ್ಲೆಕ್ಸ್ ಮುದ್ರಿಸುವ ಉದ್ಯಮಿ, ಜಾಹೀರಾತು ಸಂಸ್ಥೆಯಲ್ಲಿ ಒಕ್ಕಣೆ ಬರೆಯುವ ತರುಣ ಇವರಲ್ಲಿ ಜೈನರೂ ಇದ್ದಾರು. ಮದ್ಯದ ಅಂಗಡಿಗೆ ಮಳಿಗೆ ಕೊಡಲೊಪ್ಪದ ಮನೆತನ, ಪರರ ದೇಹವನ್ನು ಹಳಿಯುವ ಫಲಕಕ್ಕೆ ಮಾಳಿಗೆ ಕೊಡುವ ಮುನ್ನವೂ ಒಂದು ಗಳಿಗೆ ಯೋಚಿಸಬೇಕು. ಅಂಥ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನಕ್ಕು ಬಂಧುಗಳಿಗೆ ಕಳುಹಿಸುವವರಿಗೆ ಅನುಮೋದನೆಯ ಪಾಲು ತಪ್ಪದು.

ಇದಕ್ಕಿಂತಲೂ ಸಮೀಪದಲ್ಲಿ, ಮನೆಯೊಳಗೇ ನಡೆಯುವ ಜಾಹೀರಾತೊಂದಿದೆ. ಬಸದಿಯ ಹೊರಗೆ ಭೇಟಿಯಾದೊಡನೆ 'ದಪ್ಪಗಾಗಿದ್ದೀಯಲ್ಲ' ಎಂದು ಮಾತು ತೆಗೆಯುವುದು, ಸೊಸೆಯ ಬಾಣಂತಿ ಮೈಯನ್ನು ನಾಲ್ಕು ಜನರ ಮುಂದೆ ಅಳೆಯುವುದು, ದುಂಡಗಿನ ಮಗುವಿಗೆ ಅಡ್ಡಹೆಸರಿಡುವುದು, ಸ್ಥೂಲಕಾಯದ ಶ್ರಾವಿಕೆ ಏಕಾಶನದ ವ್ರತ ಹಿಡಿದರೆ ಅನುಮಾನದಿಂದ ನಗುವುದು ಇವು ಲಜ್ಜೆಯ ಫಲಕಗಳೇ. ಇವಕ್ಕೆ ಪಾಲಿಕೆಯ ಅನುಮತಿಯೂ ಬೇಕಿಲ್ಲ, ಉಚ್ಚ ನ್ಯಾಯಾಲಯದ ಆದೇಶವೂ ಇವನ್ನು ತೆರವುಗೊಳಿಸಲಾರದು.

ಹಾಗಾದರೆ ಆಪ್ತರ ಆರೋಗ್ಯ ಕೆಡುವುದನ್ನು ಕಂಡೂ ಸುಮ್ಮನಿರಬೇಕೆ? ಇಲ್ಲ. ಅದಕ್ಕೆ ಸಮ್ಯಗ್ದರ್ಶನದ ಅಂಗಗಳೇ ದಾರಿ ತೋರಿಸುತ್ತವೆ. ಉಪಗೂಹನವು ಪರರ ಕೊರತೆಯನ್ನು ನಾಲ್ವರೆದುರು ಬಿಚ್ಚದಂತೆ ಕಾಪಾಡುತ್ತದೆ. ಸ್ಥಿತೀಕರಣವು ಜಾರುವವನ ಕೈಹಿಡಿದು ನಿಲ್ಲಿಸುತ್ತದೆ. ಮೊದಲನೆಯದಿಲ್ಲದೆ ಎರಡನೆಯದು ನಡೆಯದು. ಮಾನ ಕಳೆದವನ ಕೈಯನ್ನು ಮರುದಿನ ಹಿಡಿಯಹೋದರೆ ಅವನು ಕೊಡುವುದಿಲ್ಲ. ಏಕಾಂತದಲ್ಲಿ ಒಮ್ಮೆ ಪ್ರೀತಿಯಿಂದ ಹೇಳುವುದು, ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗುವುದು, ಬೆಳಗಿನ ನಡಿಗೆಗೆ ಸಂಗಾತಿಯಾಗುವುದು, ಒಬ್ಬರಿಗಾಗಿ ಮನೆಯವರೆಲ್ಲರೂ ಎಣ್ಣೆ ಸಕ್ಕರೆಗಳನ್ನು ಕಡಿಮೆಮಾಡುವುದು, ರಾತ್ರಿಭೋಜನತ್ಯಾಗವನ್ನು ಒಬ್ಬರ ಮೇಲೆ ಹೇರದೆ ಎಲ್ಲರೂ ಪಾಲಿಸುವುದು ಸ್ಥಿತೀಕರಣದ ಸುಲಭವಾದ ರೂಪಗಳು.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸುವ ಮನೆಗಳಲ್ಲಿ ರಸಗಳ ತ್ಯಾಗದ ಜೊತೆಗೆ ಮತ್ತೊಂದು ಸಣ್ಣ ನಿಯಮವನ್ನು ಸೇರಿಸಿಕೊಳ್ಳಬಹುದು: ಆ ಹತ್ತು ದಿನ ಯಾರ ಮೈಯ ವಿಷಯವಾಗಿಯೂ, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಮಾತನಾಡದಿರುವುದು. ಎಣ್ಣೆ, ಉಪ್ಪು, ಸಿಹಿಗಳನ್ನು ಬಿಡುವುದಕ್ಕಿಂತ ಇದು ಕಠಿಣವೆಂಬುದು ಎರಡನೆಯ ದಿನಕ್ಕೇ ತಿಳಿದುಬರುವುದು. ಕ್ಷಮಾವಾಣಿಯ ದಿನ ಕ್ಷಮೆ ಕೇಳುವಾಗ, ಹಿಂದೆಂದೋ ದೇಹವನ್ನು ಕುರಿತು ನಗೆಯಾಡಿದ ಬಂಧುವಿನ ಬಳಿಗೆ ಮೊದಲು ಹೋಗುವುದು ಉಚಿತ. ಪಾರಣೆಯ ಪಂಕ್ತಿಯಲ್ಲಿ ಬಡಿಸುವವರು ಯಾರ ಎಲೆಯ ಮುಂದೆಯೂ ಕೈ ತಡೆಯದೆ, ಯಾರ ಮೈಯನ್ನೂ ಅಳೆಯದೆ, ಎಲ್ಲರಿಗೂ ಒಂದೇ ಆದರದಿಂದ ಬಡಿಸಲಿ.